ತಾಮ್ರಪಟವೂ ಸುಳ್ಳು ಹೇಳಬಲ್ಲದು

ಸಂಶೋಧನಾ ಪತ್ರಿಕೆಗಳಿಗೆ ಹಿಡಿದಿರುವ ರೋಗಕ್ಕೆ ಬ್ಲಾಕ್‌ಚೈನ್ ಒಂದೇ ಮದ್ದು ಎಂದು ಹೇಳುವವರಿದ್ದಾರೆ. ಅವರ ವಾದವನ್ನು ಮೊದಲು ನ್ಯಾಯವಾಗಿಯೇ ಮುಂದಿಡುತ್ತೇನೆ. ಲೇಖನ ಸಲ್ಲಿಕೆಯಾದ ಗಳಿಗೆ, ಅದನ್ನು ಓದಿದ ತಜ್ಞರ ಅಭಿಪ್ರಾಯ, ಲೇಖಕರ ತಿದ್ದುಪಡಿ, ಸಂಪಾದಕರ ತೀರ್ಮಾನ ಎಲ್ಲವೂ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಬೆಸೆದುಕೊಂಡು ಹಲವು ಕಂಪ್ಯೂಟರುಗಳಲ್ಲಿ ದಾಖಲಾಗುತ್ತವೆ. ಮುಂದೆ ಯಾರೂ ಅದನ್ನು ಗುಟ್ಟಾಗಿ ತಿದ್ದಲಾರರು. ಇಂದು ಹೆಸರೂ ಇಲ್ಲದೆ ಸಂಭಾವನೆಯೂ ಇಲ್ಲದೆ ದುಡಿಯುವ ಪರಿಶೀಲಕರಿಗೆ ಟೋಕನ್ ರೂಪದ ಪ್ರತಿಫಲ ದೊರೆಯುತ್ತದೆ. ದೊಡ್ಡ ಪ್ರಕಾಶಕರ ಹಿಡಿತ ಸಡಿಲುತ್ತದೆ. 2018ರಲ್ಲಿ ಇಂಥ ಒಂದು ಪ್ರಯೋಗವೂ ಆರಂಭವಾಯಿತು. ಅದರಲ್ಲಿ ಪಾಲುದಾರರಾಗಿದ್ದವರು ಸ್ಪ್ರಿಂಗರ್ ನೇಚರ್‌ನಂಥ ದೊಡ್ಡ ಪ್ರಕಾಶಕರೇ ಎಂಬುದನ್ನು ಓದುಗರು ಗಮನಿಸಬೇಕು.

ಶಾಸನಗಳ ನಾಡಿನಿಂದ ಬಂದ ನಮಗೆ ಅಳಿಸಲಾಗದ ದಾಖಲೆ ಹೊಸತಲ್ಲ. ಆಚಂದ್ರಾರ್ಕವಾಗಿ ನಿಲ್ಲಲೆಂದೇ ದಾನಗಳನ್ನು ತಾಮ್ರದಲ್ಲಿ ಕೊರೆಸಿದರು. ಆದರೆ ಶಾಸನ ಓದುವವರ ಬಳಿ ‘ಕೂಟಶಾಸನ’ ಎಂಬ ಮಾತೂ ಇದೆ. ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಅವರು ಗಂಗರ ಹೆಸರಿನ ಅನೇಕ ತಾಮ್ರಪಟಗಳು ನಕಲಿ ಎಂದು ವಾದಿಸಿದರು, ಮೈಸೂರಿನ ಬಿ.ಎಲ್. ರೈಸ್ ಒಪ್ಪಲಿಲ್ಲ. ಯಾರ ಮಾತು ಎಷ್ಟು ಸರಿ ಎಂಬುದು ಬೇರೆಯೇ ಚರ್ಚೆ. ಅವರ ವಾದವೆಲ್ಲ ನಡೆದದ್ದು ಲಿಪಿಯ ಕಾಲ, ತಿಥಿವಾರಗಳ ಹೊಂದಾಣಿಕೆ, ವಂಶಾವಳಿ ಇವುಗಳ ಮೇಲೆ. ತಾಮ್ರದ ಗಟ್ಟಿತನವನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಅದು ದಿಟವನ್ನೂ ಸಟೆಯನ್ನೂ ಒಂದೇ ನಿಷ್ಠೆಯಿಂದ ಕಾಪಾಡಿಕೊಂಡು ಬಂದಿತ್ತು.

ಇತ್ತೀಚಿನ ಹಗರಣಗಳನ್ನೇ ನೋಡೋಣ. 2017ರಲ್ಲಿ ‘ಟ್ಯೂಮರ್ ಬಯಾಲಜಿ’ ಪತ್ರಿಕೆಯ 107 ಲೇಖನಗಳನ್ನು ಹಿಂದಕ್ಕೆ ಪಡೆಯಲಾಯಿತು. ಪರಿಶೀಲನೆಯೇ ಅಲ್ಲಿ ಕಪಟವಾಗಿತ್ತು. ನಿಜವಾದ ತಜ್ಞರ ಹೆಸರುಗಳಿಗೆ ಸುಳ್ಳು ಇಮೇಲ್ ವಿಳಾಸಗಳನ್ನು ಅಂಟಿಸಲಾಗಿತ್ತು. 2023ರಲ್ಲಿ ವೈಲಿ ಒಡೆತನದ ಹಿಂದವಿ ಪತ್ರಿಕೆಗಳಿಂದ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳು ಹೀಗೆಯೇ ಹೊರಬಿದ್ದವು. ದಾಖಲೆಯನ್ನು ಆಮೇಲೆ ಯಾರೋ ತಿದ್ದಿದರು ಎಂಬುದು ಈ ಎರಡರಲ್ಲೂ ದೂರಾಗಿರಲಿಲ್ಲ. ಹುಟ್ಟುವಾಗಲೇ ಅದು ಸುಳ್ಳಾಗಿತ್ತು. ಬ್ಲಾಕ್‌ಚೈನ್ ಇದ್ದಿದ್ದರೆ ಆ ಸುಳ್ಳಿಗೆ ಗಳಿಗೆ, ನಿಮಿಷಗಳ ಮುದ್ರೆಯೂ ಬಿದ್ದಿರುತ್ತಿತ್ತು.

ನಮ್ಮ ದೇಶದಲ್ಲಿ ರೋಗದ ಮೂಲ ಎಣಿಕೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ಯುಜಿಸಿ ನಿಯಮ 2022ರವರೆಗೂ ಇತ್ತು. ಬಡ್ತಿಗೆ ಇಂದಿಗೂ ಲೇಖನಗಳ ಲೆಕ್ಕ ಬೇಕು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಬಂದ ‘ಕೇರ್’ ಪಟ್ಟಿಯ ಘಟಕ ನಮ್ಮ ಪುಣೆಯಲ್ಲೇ ಇತ್ತು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಡಲಾಯಿತು. ನಮ್ಮ ಕಟ್ಟಡದ ಸಂಶೋಧಕಿಯೊಬ್ಬಳು ಮೂರು ಸಾವಿರ ರೂಪಾಯಿ ಕೊಟ್ಟು ನಾಲ್ಕೇ ದಿನದಲ್ಲಿ ಲೇಖನ ಅಚ್ಚು ಹಾಕಿಸಿಕೊಂಡಿದ್ದಳು. ಅಭಿನಂದಿಸಲು ಹೋದೆ. “ಕಾಕಾ, ಅದನ್ನ ಯಾರೂ ಓದೇ ಇಲ್ರಿ. ಒಂದು ಅಕ್ಷರಾನೂ ತಿದ್ದಿಲ್ಲ” ಎಂದಳು. ಅವಳ ದನಿಯಲ್ಲಿದ್ದದ್ದು ನಾಚಿಕೆ. ಎಣಿಕೆಯೇ ಇಷ್ಟು ಕೆಡಿಸಿರುವಾಗ ಪರಿಶೀಲನೆಗೂ ಟೋಕನ್ ಕಟ್ಟಿದರೆ ಲೇಖನಗಳ ಕಾರ್ಖಾನೆಯ ಪಕ್ಕದಲ್ಲಿ ಅಭಿಪ್ರಾಯಗಳ ಕಾರ್ಖಾನೆ ಏಳಲು ಎಷ್ಟು ದಿನ ಬೇಕು?

ಇನ್ನೊಂದು ಅಪಾಯವನ್ನು ಈ ಉತ್ಸಾಹಿಗಳು ಹಗುರವಾಗಿ ಕಾಣುತ್ತಾರೆ. ಹಿರಿಯ ಪ್ರಾಧ್ಯಾಪಕರ ಲೇಖನದಲ್ಲಿ ತಪ್ಪಿದೆ ಎಂದು ಕಿರಿಯ ಅಧ್ಯಾಪಕಿಯೊಬ್ಬಳು ಬರೆಯಬಲ್ಲಳಾದರೆ ಅದಕ್ಕೆ ಅವಳ ಹೆಸರು ಮರೆಯಲ್ಲಿರುವುದೇ ಕಾರಣ. ಸರಪಳಿಯಲ್ಲಿ ಹೆಸರನ್ನು ಗೂಢಲಿಪಿಯಲ್ಲಿಡಬಹುದು, ನಿಜ. ಆದರೆ ಆ ಬೀಗ ಎಂದಾದರೂ ಒಡೆದರೆ ಅವಳ ವೃತ್ತಿಜೀವನದ ಎಲ್ಲ ನಿಷ್ಠುರ ಮಾತುಗಳೂ ಒಂದೇ ದಿನ ಬಯಲಾಗುತ್ತವೆ. ಅಳಿಸುವಂತೆಯೂ ಇಲ್ಲ. ನಮ್ಮ ವಿಭಾಗಗಳಲ್ಲಿ ದ್ವೇಷದ ಆಯಸ್ಸು ಎಷ್ಟೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಾರದರ್ಶಕತೆ ಬೇಡವೆಂದು ನಾನು ಹೇಳುತ್ತಿಲ್ಲ. ‘ಎಂಬೊ ಜರ್ನಲ್’ ಪರಿಶೀಲಕರ ವರದಿಗಳನ್ನು ಲೇಖನದೊಂದಿಗೆ ಪ್ರಕಟಿಸಲು ತೊಡಗಿದ್ದು 2009ರಲ್ಲಿ, ಅದೂ ಹೆಸರುಗಳನ್ನು ಮರೆಯಲ್ಲಿಟ್ಟು. ‘ಇ-ಲೈಫ್’ 2023ರಿಂದ ಪರಿಶೀಲನೆಗೆ ಕಳಿಸಿದ ಲೇಖನಗಳನ್ನು ವರದಿಗಳ ಸಮೇತ ಓದುಗರ ಮುಂದಿಡುತ್ತಿದೆ. ಎರಡಕ್ಕೂ ಬೇಕಾದದ್ದು ಒಂದು ಜಾಲತಾಣ, ಜೊತೆಗೆ ಸಂಪಾದಕರ ಧೈರ್ಯ.

ಹಣವೂ ಇಲ್ಲದಿಲ್ಲ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ ಇಟ್ಟಿದೆ. ಅದು ಹೋಗುವುದು ಮೂವತ್ತು ಪ್ರಕಾಶಕರಿಗೆ. ಅವರ ಪತ್ರಿಕೆಗಳಿಗಾಗಿ ಲೇಖನಗಳನ್ನು ಪುಕ್ಕಟೆಯಾಗಿ ಪರಿಶೀಲಿಸುವವರಲ್ಲಿ ನಮ್ಮ ಅಧ್ಯಾಪಕರೂ ಇದ್ದಾರೆ. ಅವರ ಪಾಠದ ಹೊರೆಯಿಂದ ವಾರಕ್ಕೆರಡು ತಾಸು ಇಳಿಸಿ, ಬರೆದ ಪರಿಶೀಲನೆಯನ್ನು ಬಡ್ತಿಯ ವೇಳೆ ಕೆಲಸವೆಂದು ಪರಿಗಣಿಸಿದರೆ ಯಾವ ಟೋಕನ್ನಿನ ಹಂಗೂ ಬೇಕಾಗದು.

ಆ ಸಂಶೋಧಕಿ ತನ್ನ ಎರಡನೆಯ ಲೇಖನವನ್ನು ಹಣ ಕೇಳದ, ಹೆಸರುಳ್ಳ ಪತ್ರಿಕೆಯೊಂದಕ್ಕೆ ಕಳಿಸಿ ಏಳು ತಿಂಗಳಾಯಿತು. ಓದಿ ಹೇಳಲು ಇಬ್ಬರು ತಜ್ಞರನ್ನು ಸಂಪಾದಕರು ಇನ್ನೂ ಹುಡುಕುತ್ತಿದ್ದಾರಂತೆ.