ಕಳೆಯದ ತಿರುಪು

ಮದುವೆ ಮನೆಯಲ್ಲಿ "ಯಾರೂ ಅಲ್ಲಾಡ್ಬೇಡಿ, ಓಲೆ ತಿರುಪು ಬಿತ್ತು!" ಅನ್ನೋ ಕೂಗು ಕೇಳದವರು ನಮ್ಮಲ್ಲಿ ಕಡಿಮೆ. ಆಮೇಲೆ ಜಮಖಾನೆ ಕೊಡವೋದು, ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕೋದು. ಬೈಸಿಕೊಳ್ಳೋದು ಮಾತ್ರ ಓಲೆ ಹಾಕಿಕೊಂಡವಳು. ಕೈಗೇ ಸಿಗದಷ್ಟು ಸಣ್ಣ ತಿರುಪು, ಅದೂ ಓಲೆಯಿಂದ ಪೂರ್ತಿ ಬೇರೆಯಾಗಿ ಬರೋ ಹಾಗೆ ಮಾಡಿಟ್ಟ ಅಕ್ಕಸಾಲಿಗನನ್ನು ಯಾರೂ ಏನೂ ಕೇಳೋದಿಲ್ಲ.

ಚಿನ್ನದ ಸಹವಾಸ ನನಗೆ ಬೇಡ, ಬಿಡಿ. ನಾನಿರೋದು ಜರ್ಮನಿಯಲ್ಲಿ, ಹೊಟ್ಟೆಪಾಡಿಗೆ ಪ್ಯಾಕಿಂಗ್ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯೋದು. ಪಕ್ಕದಲ್ಲಿ ಕೂರುವ ಮೆಕ್ಯಾನಿಕಲ್ ಇಂಜಿನಿಯರುಗಳ ಬಾಯಲ್ಲಿ ಆಗಾಗ ಬರೋ ಒಂದು ಪದ 'ಉನ್‌ಫೆರ್‌ಲೀರ್‌ಬಾರ್'. ಅಂದ್ರೆ 'ಕಳೆದುಹೋಗಲಾರದ್ದು'. ಮುಚ್ಚಳ ಬಿಚ್ಚಿದರೂ ಮುಚ್ಚಳದಲ್ಲೇ ಉಳಿಯುವ ತಿರುಪಿಗೆ ಇವರು ಇಟ್ಟಿರೋ ಹೆಸರು. ಇಂಗ್ಲಿಷಿನಲ್ಲಿ ಅದೇ ತಿರುಪು 'ಕ್ಯಾಪ್ಟಿವ್ ಸ್ಕ್ರೂ', ಅಂದ್ರೆ ಸೆರೆಯಾಳು. ನನಗೆ ಜರ್ಮನ್ ಹೆಸರೇ ಇಷ್ಟ, ಕನ್ನಡದಲ್ಲಿ 'ಕಳೆಯದ ತಿರುಪು' ಅನ್ನೋಣ.

ಉಪಾಯ ತೀರಾ ಸರಳ. ಮಾಮೂಲಿ ತಿರುಪಿಗೆ ತಲೆಯಿಂದ ತುದಿಯವರೆಗೂ ಮರೆ ಇರುತ್ತೆ. ಇದಕ್ಕೆ ತುದಿಯಲ್ಲಿ ಮಾತ್ರ, ನಡುವೆ ಸೊಂಟ ಸಣ್ಣ. ಮುಚ್ಚಳದ ತೂತಿಗೂ ಮರೆ ಕೊರೆದು, ತಿರುಪನ್ನು ಒಮ್ಮೆ ತಿರುಗಿಸಿ ಆಚೆ ದಾಟಿಸಿಬಿಟ್ಟರೆ ಸಣ್ಣ ಸೊಂಟ ಆ ತೂತಲ್ಲಿ ಸಡಿಲವಾಗಿ ಕೂರುತ್ತೆ. ಯಂತ್ರದಿಂದ ಬಿಚ್ಚಿದಾಗ ಯಂತ್ರ ಬಿಡುತ್ತೆ, ಮುಚ್ಚಳ ಬಿಡೋಲ್ಲ. ತಲೆಯ ಕೆಳಗೆ ಒಂದು ಸ್ಪ್ರಿಂಗ್ ಇಟ್ಟರಂತೂ ಬಿಚ್ಚಿದ ತಿರುಪು ಮೇಲಕ್ಕೆ ಎದ್ದು ನಿಲ್ಲುತ್ತೆ, ಯಾವುದನ್ನ ಇನ್ನೂ ಬಿಗಿದಿಲ್ಲ ಅಂತ ದೂರದಿಂದಲೇ ಕಾಣುತ್ತೆ. ನೀವೂ ನೋಡಿದ್ದೀರಿ: ಹಳೇ ಮಾನಿಟರಿನ ನೀಲಿ ವಿಜಿಎ ಪ್ಲಗ್ಗಿನ ಎರಡು ಪಕ್ಕ ಇದ್ದ ತಿರುಪುಗಳು. ಎಷ್ಟು ಸಲ ಬಿಚ್ಚಿದರೂ ಅವು ಕೇಬಲ್ಲಿನಲ್ಲೇ ಇರುತ್ತಿದ್ದವು.

ಇಷ್ಟಕ್ಕೆಲ್ಲ ಒಂದು ಬ್ಲಾಗ್ ಬೇಕಾ ಅಂತೀರಾ? ಬೇಕು, ಯಾಕಂದ್ರೆ ಕಳೆದುಹೋಗೋದು ಬರೀ ತಿರುಪಲ್ಲ.

ತಿರುಗೋ ಬೆಲ್ಟು, ಹಲ್ಲಿನ ಚಕ್ರ, ಕತ್ತರಿಸೋ ಬ್ಲೇಡು, ಇವುಗಳ ಮೇಲೆ ಕೈ ಹೋಗದಂತೆ ಒಂದು ತಗಡಿನ ಕವಚ ಇರುತ್ತೆ, ಆರೇಳು ತಿರುಪು ಹಾಕಿ ಬಿಗಿದಿರುತ್ತಾರೆ. ರಾತ್ರಿ ಪಾಳಿಯಲ್ಲಿ ಏನೋ ಸಿಕ್ಕಿಕೊಂಡಿತು, ಕವಚ ಬಿಚ್ಚಿದರು, ಎರಡು ತಿರುಪು ಉರುಳಿ ಯಂತ್ರದ ಅಡಿ ಸೇರಿದವು. ಮೇಸ್ತ್ರಿ ತಲೆ ಮೇಲೆ ನಿಂತಿದ್ದಾನೆ, "ಬೇಗ, ಬೇಗ". ಉಳಿದ ನಾಲ್ಕರಲ್ಲಿ ಕವಚ ಹಾಕಿದರು. ಮುಂದಿನ ಸಲ ಎರಡರಲ್ಲಿ. ಆಮೇಲೊಂದು ದಿನ ಅದು ಗೋಡೆಗೆ ಒರಗಿ ಕೂತುಬಿಡುತ್ತೆ, ಯಂತ್ರ ಓಡ್ತಾನೇ ಇರುತ್ತೆ. ಯಾರೂ ಬೇಕಂತ ಮಾಡಿದ್ದಲ್ಲ. ಯಾರದ್ದಾದ್ರೂ ಬೆರಳು ಹೋದಾಗ ವರದಿಯಲ್ಲಿ ಬರೆಯೋದು ಮಾತ್ರ "ಕೆಲಸಗಾರನ ಅಜಾಗರೂಕತೆ". (ನಮ್ಮ ಸಾಫ್ಟ್‌ವೇರಿನವರ 'ಯೂಸರ್ ಎರರ್' ಕೂಡ ಇದೇ ಜಾತಿ!)

ಯುರೋಪಿನ ಕಾನೂನು ಇದನ್ನ ಚೆನ್ನಾಗಿ ಅರ್ಥ ಮಾಡಿಕೊಂಡಿದೆ. 2006ರ ಯಂತ್ರ ನಿರ್ದೇಶನ, 2009ರ ಡಿಸೆಂಬರ್ 29ರಿಂದ ಅನ್ವಯವಾದದ್ದು, ಹೇಳೋದು ಇಷ್ಟು: ಕವಚ ತೆಗೆದಾಗ ಅದರ ತಿರುಪುಗಳು ಕವಚದಲ್ಲೋ ಯಂತ್ರದಲ್ಲೋ ಉಳಿದುಕೊಳ್ಳಬೇಕು. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ, ಅದು ನನಗೆ ಇನ್ನೂ ಇಷ್ಟ: ಸಾಧ್ಯವಾದ ಕಡೆಯೆಲ್ಲ, ತಿರುಪಿಲ್ಲದೆ ಕವಚ ತನ್ನ ಜಾಗದಲ್ಲಿ ನಿಲ್ಲಲೇಬಾರದು. ಅಂದ್ರೆ ಸುಮ್ಮನೆ ಒರಗಿಸಿಟ್ಟು "ಹಾಕಿದೀನಿ ಸಾರ್" ಅನ್ನೋಕಾಗಬಾರದು, ಬಿದ್ದೇ ಹೋಗಬೇಕು. ಇದನ್ನ ಬರೆದವರು ಎಂದೋ ಒಂದು ಫ್ಯಾಕ್ಟರಿಯಲ್ಲಿ ನಿಂತು ನೋಡಿದವರೇ ಇರಬೇಕು. 2023ರ ಹೊಸ ನಿಯಮಾವಳಿಯೂ ಇವೆರಡನ್ನೂ ಉಳಿಸಿಕೊಂಡಿದೆ.

ನಮ್ಮಲ್ಲೂ ಕಾನೂನು ಇರಲಿಲ್ಲ ಅಂತಲ್ಲ. ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕು ಅಂತ 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್ನೇ ಹೇಳಿತ್ತು. ಆದರೆ ಊರಿನ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಬಟಾಬಯಲಲ್ಲಿ ಪಟಪಟ ಓಡೋದನ್ನ, ಅದರ ಪಕ್ಕದಲ್ಲೇ ಮಕ್ಕಳು ಡಬ್ಬ ಹಿಡಿದು ನಿಂತಿರೋದನ್ನ ನೋಡದವರು ಯಾರಿದ್ದಾರೆ? ಬೇಲಿ ಇರಲಿ ಅನ್ನೋದು ಒಂದು, ಬಿಚ್ಚಿದ ಬೇಲಿ ಮತ್ತೆ ಹಾಕೋದನ್ನ ಸುಲಭ ಮಾಡೋದು ಇನ್ನೊಂದು.

ತುಂಬಾ ಓದಿದವರಿಗೂ ಈ ಪೇಚಾಟ ತಪ್ಪಿದ್ದಲ್ಲ. ಹಬಲ್ ದೂರದರ್ಶಕದ ಎಸ್‌ಟಿಐಎಸ್ ಅನ್ನೋ ಉಪಕರಣ 2004ರಲ್ಲಿ ಕೆಟ್ಟಿತು. ಅದರ ಮುಚ್ಚಳಕ್ಕಿದ್ದದ್ದು ನೂರಕ್ಕೂ ಹೆಚ್ಚು ಸಣ್ಣ ತಿರುಪು, ಅಂತರಿಕ್ಷದಲ್ಲಿ ಬಿಚ್ಚಬೇಕಾಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ಅಲ್ಲಿ ಕೈಜಾರಿದ ತಿರುಪು ನೆಲಕ್ಕೆ ಬೀಳೋಲ್ಲ, ತೇಲುತ್ತಾ ಒಳಗೆಲ್ಲೋ ಸೇರಿಕೊಳ್ಳಬಹುದು. ಹಾಗಾಗಿ ನಾಸಾದವರು ತಿರುಪುಗಳನ್ನು ಹಿಡಿದಿಟ್ಟುಕೊಳ್ಳೋಕೇ ಒಂದು ವಿಶೇಷ ಫಲಕ ಮಾಡಿದರು. 2009ರ ಮೇನಲ್ಲಿ ಮೈಕ್ ಮಸಿಮಿನೋ ಅದನ್ನ ಮುಚ್ಚಳದ ಮೇಲೆ ಕೂರಿಸಿ ಒಂದೊಂದೇ ಬಿಚ್ಚಿದರು, ಎಲ್ಲ ಅದರೊಳಗೇ ಉಳಿದವು. ತಮಾಷೆ ಅಂದ್ರೆ ಕೈಕೊಟ್ಟದ್ದು ಆ ನೂರರಲ್ಲಿ ಒಂದಲ್ಲ, ಅಡ್ಡ ಇದ್ದ ಹಿಡಿಕೆಯ ಒಂದೇ ಒಂದು ತಿರುಪು. ಅದರ ತಲೆ ಸವೆದುಹೋಗಿ, ಕೊನೆಗೆ ಹಿಡಿಕೆಯನ್ನ ಎಳೆದು ಕಿತ್ತರು :-)

ಖರ್ಚು ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ನಿಜ. ಹತ್ತು ವರ್ಷಕ್ಕೊಮ್ಮೆ ವರ್ಕ್‌ಶಾಪಿನಲ್ಲಿ ಬಿಚ್ಚೋ ಮುಚ್ಚಳಕ್ಕೆ ಇದೆಲ್ಲ ಬೇಕಿಲ್ಲ. ದಿನಾ ತೊಳೆಯೋಕೆ, ಸರಿಮಾಡೋಕೆ ತೆಗೆಯೋದಕ್ಕೆ ಬೇಕೇ ಬೇಕು. 2024ರ ಜುಲೈಯಿಂದ ಇಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯ ಮುಚ್ಚಳ ಕೂಡ ಬಾಟಲಿಗೇ ಅಂಟಿಕೊಂಡಿರಬೇಕು. ಮೂಗಿಗೆ ತಾಗುತ್ತೆ ಅಂತ ಜನ ಗೊಣಗ್ತಾರೆ. ಗೊಣಗಲಿ, ರಸ್ತೆಯಲ್ಲಂತೂ ಬೀಳೋಲ್ಲ.

ಮಕ್ಕಳಿರೋ ಮನೆಯವರಿಗೆ ಒಂದು ಮಾತು. ಅಮೆರಿಕದಲ್ಲಿ ಬಟನ್ ಬ್ಯಾಟರಿ ನುಂಗಿ ಒಂದು ಪುಟ್ಟ ಮಗು ತೀರಿಕೊಂಡ ಮೇಲೆ, 2022ರಲ್ಲಿ 'ರೀಸ್ ಕಾನೂನು' ಬಂತು. ಅದರಡಿ ಬಂದ ಮಾನದಂಡದ ಪ್ರಕಾರ ಬ್ಯಾಟರಿ ಮುಚ್ಚಳಕ್ಕೆ ತಿರುಪು ಹಾಕಿದರೆ ಅದು ಕಳೆಯದ ತಿರುಪೇ ಆಗಿರಬೇಕು. ತಿರುಪು ಕಳೆದರೆ ಅಪ್ಪ ಅಮ್ಮ ಏನು ಮಾಡ್ತಾರೆ ಅಂತ ಅವರಿಗೆ ಗೊತ್ತು: ಸೆಲ್ಲೋಟೇಪ್. ಮುಂದಿನ ಸಲ ರಿಮೋಟೋ, ಬಟನ್ ಬ್ಯಾಟರಿಯ ಇನ್ಯಾವುದೋ ದೀಪವೋ ಕೊಂಡಾಗ ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಒಮ್ಮೆ ಅಲ್ಲಾಡಿಸಿ. ತಿರುಪು ಕೆಳಗೆ ಬಿತ್ತೋ, ವಾಪಸ್ ಕೊಟ್ಟು ಬನ್ನಿ.