ನೀರಿನೊಳಗಿನ ತಳಪಾಯ

ಗೋಡೆ ಬಿರಿಯಿತೆಂದರೆ ಮನೆಯವರು ಗಾರೆಯವನನ್ನು ಕರೆಯುತ್ತಾರೆ. ಅವನು ಬಿರುಕಿಗೆ ಗಾರೆ ತುಂಬಿ ಸುಣ್ಣ ಬಳಿದು ಹೋಗುತ್ತಾನೆ. ಮರುವರ್ಷ ಅದೇ ಬಿರುಕು ಅದೇ ಜಾಗದಲ್ಲಿ ಬಾಯ್ದೆರೆಯುತ್ತದೆ. ರೋಗ ಗೋಡೆಯಲ್ಲಿರದೆ ಅದರ ಕಾಲಡಿಯಲ್ಲಿದ್ದರೆ ಮೇಲಿನ ಲೇಪದಿಂದ ಫಲವೇನು?

ಇಂಗ್ಲೆಂಡಿನ ವಿಂಚೆಸ್ಟರ್ ನಗರದ ಮಹಾ ಇಗರ್ಜಿಗೆ ಒದಗಿದ್ದು ಇಂಥದೇ ಗಂಡಾಂತರ. 13ನೆಯ ಶತಮಾನದ ಆದಿಯಲ್ಲಿ ಅದರ ಪೂರ್ವಭಾಗವನ್ನು ವಿಸ್ತರಿಸಿದವರಿಗೆ ನೆಲ ಜೌಗೆಂಬುದು ತಿಳಿದೇ ಇತ್ತು. ಗಟ್ಟಿನೆಲದವರೆಗೆ ಅಗೆಯಲು ನೀರು ಬಿಡದು. ಆದುದರಿಂದ ಬೀಚ್ ಮರದ ದಿಮ್ಮಿಗಳನ್ನು ತೆಪ್ಪದಂತೆ ಹಾಸಿ, ಅವುಗಳ ಮೇಲೆಯೇ ಕಲ್ಲಿನ ಗೋಡೆಯೆಬ್ಬಿಸಿದರು. ಸುಮಾರು ಏಳು ಶತಮಾನಗಳ ಭಾರಕ್ಕೆ ಅಡಿಯ ಮೆತ್ತನೆಯ ಮಣ್ಣು ಕುಗ್ಗಿತು, ಗೋಡೆಗಳು ಹೊರಕ್ಕೆ ವಾಲಿದವು, ಕಮಾನುಗಳು ಬಿರಿದವು.

1905ರಲ್ಲಿ ಶಿಲ್ಪಿ ಥಾಮಸ್ ಜಾಕ್ಸನ್ನರು ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸರ ಸಲಹೆ ಬೇಡಿದರು. ಕೊಳೆತ ಸಸ್ಯಗಳಿಂದಾದ ಮಣ್ಣಿನ ಪದರದ ಕೆಳಗೆ ಗಟ್ಟಿಯಾದ ಗರಸುನೆಲವಿದ್ದಿತು. ಗೋಡೆಯನ್ನು ಅಲ್ಲಿಗೆ ಇಳಿಸಿ ನಿಲ್ಲಿಸಬೇಕು. ಇಡೀ ಗೋಡೆಯ ಬುಡವನ್ನು ಒಮ್ಮೆಗೇ ಅಗೆದರೆ ಕಟ್ಟಡವೇ ಮೈಮೇಲೆ ಬಿದ್ದೀತು! ಆದ್ದರಿಂದ ಅಲ್ಲಲ್ಲಿ ಒಂದೊಂದು ಕಿರಿದಾದ ಗುಂಡಿ ತೋಡಿ, ಅದನ್ನು ಕಟ್ಟಿ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಇಷ್ಟು ಸರಿಯೇ. ಆದರೆ ಆ ಮಣ್ಣನ್ನು ತೂತು ಮಾಡಿದೊಡನೆ ಗುಂಡಿ ನೀರಿನಿಂದ ತುಂಬುತ್ತಿತ್ತು. ಪಂಪಿನಿಂದ ಎಳೆದರೆ ನೀರಿನೊಡನೆ ನುಣುಪು ಮಣ್ಣೂ ಹೊರಬಂದು, ಉಳಿದಿದ್ದ ಆಸರೆಯೂ ತಪ್ಪುವ ಭಯ.

ನೀರನ್ನು ತೆಗೆಯುವುದು ಬೇಡ, ನೀರಿನೊಳಕ್ಕೇ ಮನುಷ್ಯನನ್ನು ಇಳಿಸೋಣವೆಂದರು ಫಾಕ್ಸ್. ಹಾಗೆ ಬಂದವನು ವಿಲಿಯಂ ವಾಕರ್, ಕಸುಬಿನಿಂದ ಮುಳುಗುಗಾರ. 1906ರಿಂದ 1911ರವರೆಗೆ ದಿನಕ್ಕೆ ಸುಮಾರು ಆರು ತಾಸು ಆತನು ಇಪ್ಪತ್ತು ಅಡಿ ಆಳದ ನೀರಿನಲ್ಲಿ ದುಡಿದನು. ಉಡುಪಿನ ಭಾರವೇ ಸುಮಾರು 90 ಕಿಲೋಗ್ರಾಂ. ಕೆಸರುನೀರಿನಲ್ಲಿ ಏನೂ ಕಾಣದು. ಕೈಗೆ ಕೈಯೇ ಕಣ್ಣು. ತಳದ ಮಣ್ಣನ್ನು ತಡಕಿ ತೆಗೆದು, ಗರಸಿನ ಮೇಲೆ ಕಾಂಕ್ರೀಟಿನ ಚೀಲಗಳನ್ನು ಸಾಲಾಗಿ ಹಾಸಿ, ಅವುಗಳನ್ನು ಸೀಳಿ ಬಿಡುತ್ತಿದ್ದನು. ಕಾಂಕ್ರೀಟು ಗಟ್ಟಿಯಾಗಿ ತಳದಿಂದ ನೀರೇಳುವುದು ನಿಂತ ಮೇಲೆಯೇ ಪಂಪಿನ ಸರದಿ. ಅನಂತರ ಗಾರೆಯವರು ಒಣಗುಂಡಿಗಿಳಿದು, ಹಳೆಯ ಗೋಡೆಯ ಅಡಿಯವರೆಗೆ ಕಟ್ಟಿ, ನಡುವೆ ಎಳ್ಳಷ್ಟೂ ಎಡೆಯುಳಿಯದಂತೆ ಬಿಗಿಯುತ್ತಿದ್ದರು. ಈ ಕೊನೆಯ ಬಿಗಿತವಿಲ್ಲದಿದ್ದರೆ ಗೋಡೆಯ ಭಾರ ಹೊಸ ತಳಪಾಯಕ್ಕೆ ಇಳಿಯುವುದೇ ಇಲ್ಲ. ಪಟ್ಟ ಪಾಡೆಲ್ಲ ವ್ಯರ್ಥ.

ಇಂಥ ಗುಂಡಿಗಳು ಸುಮಾರು 235. ಅವು ನುಂಗಿದ್ದು 25,000 ಚೀಲ ಕಾಂಕ್ರೀಟು, 1,15,000 ಕಾಂಕ್ರೀಟು ಇಟ್ಟಿಗೆಗಂಬಳ, 9,00,000 ಸುಟ್ಟ ಇಟ್ಟಿಗೆ. ಸುತ್ತಲೂ ಹಳೆಯ ಸಮಾಧಿಗಳಿದ್ದುದರಿಂದ ಆ ನೀರು ನಿರ್ಮಲವಾಗಿರಲಿಲ್ಲ. ಉಡುಪು ಕಳಚುವುದೇ ದೊಡ್ಡ ಶ್ರಮವಾದ್ದರಿಂದ ವಾಕರ್ ಬಿಡುವಿನಲ್ಲಿ ತಲೆಯ ಟೋಪನ್ನಷ್ಟೇ ತೆಗೆದು ಚುಂಗಾಣಿ ಸೇದುತ್ತ ಕುಳಿತಿರುತ್ತಿದ್ದನು. ವಾರಾಂತ್ಯಕ್ಕೆ ಮನೆಗೆ ಪ್ರಯಾಣ ಸೈಕಲ್ಲಿನ ಮೇಲೆ! ದಣಿವೆಂಬುದು ಆತನ ನಿಘಂಟಿನಲ್ಲಿ ಇರಲಿಲ್ಲವೋ ಏನೋ.

1912ರ ಜುಲೈನಲ್ಲಿ ಐದನೆಯ ಜಾರ್ಜ್ ದೊರೆಯ ಸಮಕ್ಷಮದಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಯಿತು. ವಾಕರನಿಗೆ ರಾಜಗೌರವವೂ ಸಂದಿತು. 1918ರ ಇನ್‌ಫ್ಲುಯೆಂಜಾ ಪಿಡುಗು ಆತನನ್ನು ಒಯ್ದಿತು. 1964ರಲ್ಲಿ ಇಗರ್ಜಿಯಲ್ಲಿ ಆತನ ಪುಟ್ಟ ಪ್ರತಿಮೆಯನ್ನಿಟ್ಟರು. ನೋಡಿದರೆ ಉಡುಪು ಮುಳುಗುಗಾರನದು, ಮುಖ ಎಂಜಿನಿಯರ್ ಫಾಕ್ಸರದು! ಯಾವುದೋ ಭಾವಚಿತ್ರದಲ್ಲಿ ಆಳು ತಪ್ಪಿತ್ತು. ವಾಕರನ ನಿಜವಾದ ಮುಖವುಳ್ಳ ಪ್ರತಿಮೆ ಅಲ್ಲಿಗೆ ಬಂದುದು 2001ರಲ್ಲಿ.