ಆಡತಕ್ಕ ಆಟಗಳು

ಪದವಿ ತರಗತಿಯ ಕೊನೆಯ ವರ್ಷದಲ್ಲಿರುವವನು ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿಡಿಯೋ ಗೇಮುಗಳ ವಿಷಯ ಬರೆಯುತ್ತಾನೆಂದರೆ ಗುರುಗಳು ಹುಬ್ಬೇರಿಸುವುದು ಸಹಜ. 'ಪರೀಕ್ಷೆ ಹತ್ತಿರ ಬಂದಿದೆ, ಇವನಿಗೆ ಆಟದ ಹುಚ್ಚು' ಎಂದು ಮಿತ್ರರು ನಗಲೂಬಹುದು. ಮನೆಯಲ್ಲಂತೂ ನಾನು ಮೊಬೈಲು ಹಿಡಿದು ಕುಳಿತರೆ ಅಪ್ಪ, 'ನಿನ್ನ ಓದೋಕೆ ಕಳಿಸಿದ್ದೋ, ಅದನ್ನ ಉಜ್ಜೋಕೆ ಕಳಿಸಿದ್ದೋ?' ಎಂದು ಕೇಳುವುದುಂಟು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಾಗೆ ಕೇಳುವ ಹಕ್ಕು ಅಪ್ಪನಿಗೆ ಖಂಡಿತವಾಗಿಯೂ ಇದೆ. ಆದಾಗ್ಯೂ ನನ್ನ ಪಕ್ಷವನ್ನು ಹೇಳಿಕೊಳ್ಳಲು ವಾಚಕರ ಅಪ್ಪಣೆ ಬೇಡುತ್ತೇನೆ.

ಹೊತ್ತನ್ನು ನುಂಗುವ ಆಟಗಳಿವೆ. ಹಣವನ್ನು ಸುಲಿಯುವ ಆಟಗಳೂ ಇವೆ. ಅವುಗಳ ಪರವಾಗಿ ವಕಾಲತ್ತು ವಹಿಸಲು ನಾನು ಬಂದಿಲ್ಲ. ದೊಡ್ಡ ಕಂಪನಿಗಳು ನೂರಾರು ಜನರನ್ನಿಟ್ಟುಕೊಂಡು, ಕೋಟಿಗಟ್ಟಲೆ ಹಣ ಸುರಿದು ತಯಾರಿಸುವ ಆಟಗಳು ಒಂದು ಬಗೆ. ಅಂಥ ಕಂಪನಿಗಳ ಹಂಗಿಲ್ಲದೆ ಒಬ್ಬರೋ ನಾಲ್ಕಾರು ಜನರೋ ಕಟ್ಟುವ 'ಇಂಡೀ' ಆಟಗಳು, ಅಂದರೆ ಸ್ವತಂತ್ರ ಆಟಗಳು, ಇನ್ನೊಂದು ಬಗೆ. ಕಾದಂಬರಿಗೆ ಕರ್ತೃವಿರುವಂತೆ ಇವಕ್ಕೂ ಒಬ್ಬ ಕರ್ತೃ ಇರುತ್ತಾನೆ. ಅವನಿಗೆ ಹೇಳಬೇಕಾದ ಮಾತೊಂದು ಇರುತ್ತದೆ. ಪುಸ್ತಕವನ್ನು ಆರಿಸಿ ಓದುವಂತೆ ಆಟವನ್ನೂ ಆರಿಸಿ ಆಡಬೇಕೆಂಬುದೇ ನನ್ನ ವಾದ.

ಮೊದಲನೆಯದು 2016ರಲ್ಲಿ ಬಂದ 'ಸ್ಟಾರ್‌ಡ್ಯೂ ವ್ಯಾಲಿ'. ಅಮೆರಿಕದ ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕುಳಿತು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿದ. ಆ ಕಾಲದಲ್ಲಿ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೆಲಸವನ್ನೂ ಮಾಡುತ್ತಿದ್ದನಂತೆ. 2024ರ ಕೊನೆಯ ಹೊತ್ತಿಗೆ ಆ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಕಂಪನಿಯ ಚಾಕರಿಯಿಂದ ಬೇಸತ್ತವನೊಬ್ಬ ಅಜ್ಜ ಬಿಟ್ಟುಹೋದ ಹೊಲಕ್ಕೆ ಮರಳಿ ಬೇಸಾಯ ಮಾಡುವುದೇ ಅದರ ವಸ್ತು. ಒಂದೊಂದು ಋತುವಿಗೆ 28 ದಿನ. ಋತು ಕಳೆದರೆ ಆ ಋತುವಿನ ಬೆಳೆ ಒಣಗಿತೆಂದೇ ಲೆಕ್ಕ.

ಒಂದು ರಾತ್ರಿ ಅಪ್ಪನಿಗೂ ಅದನ್ನು ತೋರಿಸಿದೆ. ಮಳೆ ಬಂದ ದಿನ ನೀರು ಹಾಯಿಸಬೇಕಾಗಿಲ್ಲವೆಂದಾಗ ತಲೆದೂಗಿದರು. 'ಬೆಳೆದದ್ದಕ್ಕೆ ಬೆಲೆ ಯಾರು ಕಟ್ತಾರೆ?' ಎಂದರು. 'ಬೆಲೆ ಮೊದಲೇ ಗೊತ್ತಿರ್ತದಪ್ಪ. ಸಂಜೆ ಪೆಟ್ಟಿಗೇಲಿ ಹಾಕಿದ್ರೆ ಬೆಳಿಗ್ಗೆ ದುಡ್ಡು ಬರ್ತದೆ' ಎಂದೆ. ಅಪ್ಪ ನಕ್ಕು, 'ಹಂಗಾದ್ರೆ ಅದು ಬೇಸಾಯ ಅಲ್ಲ ಬಿಡು, ಸಂಬಳ' ಎಂದರು. ಆ ಆಟದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ. ಆದರೆ ಹೊಲದ ಲೆಕ್ಕವನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಮಾತಾಡಿದ್ದು ಅದೇ ಮೊದಲು. ಅದಕ್ಕೂ ಆ ಆಟವೇ ಕಾರಣ.

ಎರಡನೆಯದು ಲ್ಯೂಕಸ್ ಪೋಪ್ ಎಂಬಾತ 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್'. 1982ನೆಯ ಇಸವಿ; ಆರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಠಾಣೆ. ಆಡುವವನೇ ಅಲ್ಲಿನ ಗುಮಾಸ್ತ. ಕಿಟಕಿಗೆ ಬಂದವರ ಪಾಸ್‌ಪೋರ್ಟು, ಪರವಾನಗಿಗಳನ್ನು ತಾಳೆ ನೋಡಿ ಹಸಿರು ಮುದ್ರೆಯನ್ನೋ ಕೆಂಪು ಮುದ್ರೆಯನ್ನೋ ಒತ್ತಬೇಕು. ಎಷ್ಟು ಜನರನ್ನು ಸರಿಯಾಗಿ ನೋಡಿ ಕಳಿಸಿದೆವೋ ಅಷ್ಟೇ ಕೂಲಿ. ದಿನಕ್ಕೆ ಎರಡು ತಪ್ಪಿಗೆ ಕ್ಷಮೆ; ಮೂರನೆಯದಕ್ಕೆ ದಂಡ. ಸಂಜೆ ಆ ಹಣದಲ್ಲೇ ಮನೆಬಾಡಿಗೆ, ಊಟ, ಚಳಿಗೆ ಬೆಂಕಿ. ಹಣ ಸಾಲದಿದ್ದರೆ ಮನೆಯವರು ಹಸಿಯುತ್ತಾರೆ, ಕಾಯಿಲೆ ಬೀಳುತ್ತಾರೆ. ಹೀಗಿರಲು ಒಂದು ದಿನ ಗಂಡನೊಬ್ಬ ಬರುತ್ತಾನೆ. ಅವನ ಕಾಗದವೆಲ್ಲ ಸರಿಯಾಗಿದೆ. ಹಿಂದೆಯೇ ಹೆಂಡತಿ, ಅವಳ ಬಳಿ ಪ್ರವೇಶಪತ್ರವಿಲ್ಲ. ತನ್ನನ್ನು ಬಿಡಬೇಕೆಂದು ಬೇಡಿಕೊಳ್ಳುತ್ತಾಳೆ. ನಾನು ಕೆಂಪು ಮುದ್ರೆ ಒತ್ತಿದೆ. ಒತ್ತಿದ ಮೇಲೆ ಬಹಳ ಹೊತ್ತು ಆಟ ಮುಂದುವರಿಸಲಾಗಲಿಲ್ಲ.

ಕಾರಣವಿದೆ. ಎರಡು ವರ್ಷದ ಹಿಂದೆ ಅಜ್ಜಿಯ ಪಿಂಚಣಿಗಾಗಿ ಒಂದು ಕಚೇರಿಗೆ ಹೋಗಿದ್ದೆ. ಒಂದು ಕಾಗದದಲ್ಲಿ ತಿಮ್ಮಕ್ಕ, ಇನ್ನೊಂದರಲ್ಲಿ ತಿಮ್ಮಮ್ಮ. 'ಹೆಸರು ತಾಳೆಯಾಗಲ್ಲ' ಎಂದು ಮೂರು ಸಲ ವಾಪಸು ಕಳಿಸಿದರು. ಮೂರು ಸಲವೂ ಅಜ್ಜಿ ಬಸ್ಸಿನಲ್ಲಿ ನಿಂತೇ ಬಂದಳು. ಕಿಟಕಿಯ ಹಿಂದಿದ್ದವರನ್ನು ಅಂದು ಮನಸ್ಸಿನಲ್ಲೇ ಶಪಿಸಿದ್ದೆ. ಈಗ ಆಟದಲ್ಲಿ ಅದೇ ಕುರ್ಚಿಯಲ್ಲಿ ನಾನೇ ಕುಳಿತು ಅದನ್ನೇ ಮಾಡಿದ್ದೆ! ಆ ನೌಕರರಿಗೂ ಮೇಲಿನವರ ಭಯ, ಮನೆಯ ಖರ್ಚು ಇದ್ದಿರಬೇಕೆಂಬುದು ಅಂದೇ ನನಗೆ ಹೊಳೆದದ್ದು. ಹಾಗೆಂದು ಅವರನ್ನು ಕ್ಷಮಿಸಿದೆನೆ? ಪೂರ್ತಿ ಇಲ್ಲ. ಆಟದ ಗುಮಾಸ್ತನಿಗೆ ಮುದ್ರೆಯೊಂದೇ ದಾರಿ. ನಮ್ಮ ಕಚೇರಿಯಲ್ಲಿ ಕುಳಿತವರಿಗೆ ನಾಲಗೆಯೂ ಇತ್ತು. 'ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ತನ್ನಿ' ಎಂಬ ಒಂದು ಮಾತನ್ನು ಮೊದಲ ದಿನವೇ ಹೇಳಿದ್ದರೆ ಅಜ್ಜಿಗೆ ಎರಡು ಪ್ರಯಾಣ ಉಳಿಯುತ್ತಿತ್ತು.

ಮೂರನೆಯದು 'ವೆಣ್ಬಾ', 2023ರಲ್ಲಿ ಕೆನಡಾದ ಟೊರಾಂಟೋದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ ಹೊರತಂದದ್ದು. ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಕಥೆ. ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದು ಮಸುಕಾಗಿದೆ. ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿ ಮೊದಲಾದವನ್ನು ಮಾಡಬೇಕು. ಅಲ್ಲಿ ಬೆಳೆದ ಮಗನಿಗೆ ಮನೆಯ ಮಾತೂ ದೂರ, ಊಟವೂ ದೂರ. ಹಾಸ್ಟೆಲಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆಡಿದ ಮೇಲೆ, ನನ್ನ ಅವ್ವನ ಸಾರಿಗೆ ಪುಸ್ತಕವೇ ಇಲ್ಲವಲ್ಲ ಎಂಬ ಯೋಚನೆ ಹತ್ತಿತು. ಮುಂದಿನ ರಜೆಯಲ್ಲಿ ಕೇಳಿ ಬರೆದುಕೊಂಡೆ. ಉಪ್ಪಿನ ಅಳತೆ ಮಾತ್ರ ಈಗಲೂ 'ಒಂದು ಅಂದಾಜು' ಎಂದೇ ಇದೆ.

ಕಾಲಹರಣದ ಆಕ್ಷೇಪಣೆ ಉಳಿಯಿತಷ್ಟೆ. 'ವೆಣ್ಬಾ' ಒಂದು ಸಂಜೆಗೆ ಮುಗಿಯುತ್ತದೆ. 'ಪೇಪರ್ಸ್, ಪ್ಲೀಸ್' ನಾಲ್ಕೈದು ಸಂಜೆಗೆ ಸಾಕು. 'ಸ್ಟಾರ್‌ಡ್ಯೂ ವ್ಯಾಲಿ' ಮಾತ್ರ ಮುಗಿಯುವ ಪೈಕಿಯಲ್ಲ. ಕಳೆದ ಪರೀಕ್ಷೆಗೆ ಮುಂಚೆ ಅದನ್ನು ಮೊಬೈಲಿನಿಂದ ತೆಗೆದುಹಾಕಬೇಕಾಯಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮಿತವರಿತು ಆಡಬೇಕೆಂಬ ಹಿರಿಯರ ಮಾತು ಸುಳ್ಳಲ್ಲ.

ಪದವಿ ಮುಗಿದೊಡನೆ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಕೂರಬೇಕೆಂದಿದ್ದೇನೆ. ನಮ್ಮಲ್ಲಿ ಅನೇಕರ ಆಸೆಯೂ ಅದೇ. ದೈವ ಒಲಿದರೆ ಮುಂದೊಂದು ದಿನ ನಾವೂ ಅಂಥ ಕಿಟಕಿಯ ಹಿಂದೆ ಕುಳಿತಿರುತ್ತೇವೆ. ಯಾರಾದರೊಬ್ಬ ಅಜ್ಜಿ ತಾಳೆಯಾಗದ ಕಾಗದ ಹಿಡಿದು ಬಂದಾಗ ನಾನು 'ನಾಳೆ ಬಾ' ಎಂದೇನಾದರೂ ಹೇಳಿದರೆ, ಮಿತ್ರರೇ, ಈ ಸಂಚಿಕೆಯನ್ನು ತಂದು ನನ್ನ ಮುಂದೆ ಹಿಡಿಯಿರಿ.

— ಅಂತಿಮ ಬಿ.ಎ. ವಿದ್ಯಾರ್ಥಿ